ಹಾ, ಹಾ, ಗೈ

ಊರಿನಲ್ಲಿ ಅವನ ದನಿ ಕೇಳದವರಿಲ್ಲ. ಮುಖ ಕಂಡವರು ಮಾತ್ರ ಬೆರಳೆಣಿಕೆಯಷ್ಟು. ಬಸ್ ನಿಲ್ದಾಣದ ಮೂಲೆಯಲ್ಲಿ, ಪಾರಿವಾಳಗಳೂ ಬೇಡವೆಂದು ಬಿಟ್ಟುಹೋದಂಥ ಒಂದು ಗೂಡು. ಗೂಡಿನೊಳಗೆ ಒಂದು ಮೈಕು. ಮೈಕಿನ ಮುಂದೆ ಅವನು. "ಪ್ರಯಾಣಿಕರ ಗಮನಕ್ಕೆ" ಎಂದು ಅವನು ಶುರುಮಾಡಿದರೆ ಪ್ರಯಾಣಿಕರು ತಲೆಯೆತ್ತಿ ಸ್ಪೀಕರನ್ನು ನೋಡುತ್ತಿದ್ದರು, ಬಸ್ಸು ತಡವೆಂದು ತಿಳಿದಮೇಲೆ ಸ್ಪೀಕರನ್ನೇ ಬೈಯುತ್ತಿದ್ದರು. ಇಪ್ಪತ್ತಾರು ವರ್ಷಗಳಲ್ಲಿ ಅವನು ಕೇಳಿದಷ್ಟು ಕ್ಷಮೆಯನ್ನು ಯಾವ ಅಪರಾಧಿಯೂ ಕೇಳಿರಲಾರ.

ಶಾಲೆಯಲ್ಲಿ ಅವನಿಗೆ 'ಗಂಟಲು' ಎಂದು ಹೆಸರಿಟ್ಟಿದ್ದರು. ಯಾರ ದನಿಯನ್ನು ಒಮ್ಮೆ ಕೇಳಿದರೂ ಅದು ಅವನ ಗಂಟಲಲ್ಲಿ ಬಾಡಿಗೆಗೆ ಬಂದು ಕೂತುಬಿಡುತ್ತಿತ್ತು. ಹೀಗೆ ಬಾಡಿಗೆದಾರರು ಹೆಚ್ಚಾಗಿ, ಮನೆಯ ಯಜಮಾನನಾದ ಸ್ವಂತ ದನಿಗೆ ಜಗಲಿಯೇ ಗತಿಯಾಗಿತ್ತು. ನಿಲ್ದಾಣದಲ್ಲಿ ಅವನು ಬಳಸುವುದು ಪ್ರಕಟಣೆಯ ದನಿ. ಮನೆಯಲ್ಲಿ ದನಿಯ ಅಗತ್ಯವೇ ಬಿದ್ದಿರಲಿಲ್ಲ. ಅಲ್ಲಿಗೆ ಹೆಂಡತಿಯ ದನಿ ಧಾರಾಳವಾಗಿ ಸಾಕಾಗಿ ಪಕ್ಕದ ಮನೆಗೂ ಮಿಗುತ್ತಿತ್ತು.

ಇಂಥ ಗಂಟಲನ್ನು ಒಂದು ಮಧ್ಯಾಹ್ನ ಯಾರೋ 'ಹತ್ತನೇ ಕ್ಲಾಸ್ ಗೆಳೆಯರು' ಎಂಬ ವಾಟ್ಸಾಪ್ ಗುಂಪಿಗೆ ಸೇರಿಸಿದರು. ಮೂವತ್ತೈದು ವರ್ಷದ ಮೇಲೆ ಎಲ್ಲರೂ ಮತ್ತೆ ಸೇರುವುದು, ಮುಂದಿನ ತಿಂಗಳು, ಸಂಸಾರ ಸಮೇತ. ಗಂಟಲು ಎರಡು ದಿನ ಬಸ್ಸುಗಳನ್ನು ಅವುಗಳ ಪಾಡಿಗೆ ಬಿಟ್ಟು ನೆನಪುಗಳನ್ನು ಪ್ರಕಟಿಸಿದ. ಒಡೆದ ಭೂಗೋಳ, ಬಾಗಿಲಿಗೆ ಸಿಕ್ಕ ಜಡೆ, ವಿಜ್ಞಾನದ ಮೇಷ್ಟ್ರು ಹೊಗೆ ಬರಿಸಲು ಹೋಗಿ ಹುಬ್ಬು ಕಳೆದುಕೊಂಡದ್ದು, ಒಂದನ್ನೂ ಬಿಡಲಿಲ್ಲ.

ಅವನ ಭಾಮೈದ, ಎಂದರೆ ಹೆಂಡತಿಯ ತಮ್ಮ, ಲಿಫ್ಟ್ ರಿಪೇರಿಯವನು. ಎಲ್ಲರನ್ನೂ ಮೇಲೆ ಕಳಿಸುವ ವೃತ್ತಿಯಲ್ಲಿದ್ದುದರಿಂದ ಭಾವನನ್ನು ಮಾತ್ರ ಕೆಳಗಿಳಿಸುತ್ತಿದ್ದ.

"ನಮ್ಮ ಬ್ಯಾಚಿನ ಫಂಕ್ಷನ್ನಲ್ಲಿ ನನ್ನನ್ನ ಸ್ಟೇಜ್ ಮೇಲೆ ಕೂರಿಸಿದ್ರು ಭಾವ. ನಿಮ್ಮನ್ನ ಎಲ್ಲಿ ಕೂರಿಸ್ತಾರೆ? ಮೈಕ್ ಟೆಸ್ಟಿಂಗಿಗಾ?"

ಗಂಟಲಿಗೆ ಕೆಣಕಿದಂತಾಯಿತು. "ನೋಡಯ್ಯ, ನಾನು ಬಾಯಿ ತೆಗೀದೆ ನಮ್ಮ ಕ್ಲಾಸಲ್ಲಿ ಹಾಜರಿ ಮುಗೀತಿರ್ಲಿಲ್ಲ. ತಿಳ್ಕೊ."

ಇದು ಅಕ್ಷರಶಃ ಸತ್ಯವಾಗಿತ್ತು. ಆದರೆ ಸತ್ಯ ಒಂದು ಬೀದಿ ದಾಟುವಷ್ಟರಲ್ಲಿ ಬಟ್ಟೆ ಬದಲಾಯಿಸುತ್ತದೆ. ಹೆಂಡತಿ ಪಕ್ಕದ ಮನೆಯಾಕೆಗೆ, "ಇವರಿಲ್ದೆ ಅಲ್ಲಿ ಏನೂ ನಡೀತಿರ್ಲಿಲ್ವಂತೆ" ಅಂದಳು. ಪಕ್ಕದ ಮನೆಯಾಕೆ ಎದುರು ಮನೆಗೆ, "ಇವರು ಹೋಗದೆ ಫಂಕ್ಷನ್ ಶುರುವಾಗಲ್ವಂತೆ" ಅಂದಳು. ಸಂಜೆ ಎದುರು ಮನೆಯ ನಿವೃತ್ತ ಆರೋಗ್ಯ ನಿರೀಕ್ಷಕರು ಗೇಟಿನಲ್ಲಿ ಗಂಟಲಿನ ಕೈ ಕುಲುಕಿ, "ಮುಖ್ಯ ಅತಿಥಿಯಂತೆ! ನಮ್ಮ ಬೀದಿಗೇ ಹೆಮ್ಮೆ. ಸ್ವಲ್ಪ ನಮ್ಮ ಚರಂಡಿ ವಿಷಯಾನೂ ಭಾಷಣದಲ್ಲಿ ಸೇರಿಸಿ" ಅಂದರು. ಭಾಮೈದ ತನ್ನ ಕ್ಯಾಮೆರಾಗೆ ಹೊಸ ಲೆನ್ಸ್ ತಂದ. ಭಾವ ವೇದಿಕೆ ಹತ್ತುವುದನ್ನು, ಅಥವಾ ಹತ್ತದಿರುವುದನ್ನು, ಖುದ್ದಾಗಿ ಸೆರೆಹಿಡಿಯುವುದು ಅವನ ಸಂಕಲ್ಪ.

ಮರುದಿನ ಬೆಳಗ್ಗೆ ಗುಂಪಿನ ಕಾರ್ಯದರ್ಶಿ ಒಂದು ಫೋಟೊ ಹಾಕಿದ.

ಕಾರ್ಯದರ್ಶಿ ಆಗ ಕ್ಲಾಸಿನ ಮಾನಿಟರು, ಈಗ ನೋಟರಿ. ಆಗ ಕೈಯಲ್ಲಿ ಸದಾ ಮರದ ರೂಲುದೊಣ್ಣೆ ಇತ್ತು, ಈಗ ಬಾಯಲ್ಲಿ ಸದಾ ಕಾನೂನು. ಎರಡು ಕಾಲಕ್ಕೂ ಒಪ್ಪುವಂತೆ ಅವನ ಹೆಸರು 'ರೂಲು'. ಅವನು ಹಾಕಿದ್ದು ಹತ್ತನೇ ಕ್ಲಾಸಿನ ಹಾಜರಿ ಪುಸ್ತಕದ ಫೋಟೊ. ಲೆಕ್ಕದ ಮೇಷ್ಟ್ರು ನಿವೃತ್ತರಾದಾಗ ಶಾಲೆಯವರು ಒಂದು ಗಡಿಯಾರ ಕೊಟ್ಟಿದ್ದರು. ಮೇಷ್ಟ್ರು ತಾವಾಗಿ ಎತ್ತಿಕೊಂಡು ಬಂದದ್ದು ಈ ಪುಸ್ತಕ. ಅದರಲ್ಲಿ ಹಾಜರಾದವರಿಗೆ 'ಹಾ', ಗೈರುಹಾಜರಾದವರಿಗೆ 'ಗೈ' ಎಂದು ಮೇಷ್ಟ್ರ ಗುಂಡು ಅಕ್ಷರ. ಎಲ್ಲರ ಸಾಲೂ ಹಾ ಹಾ ಹಾ ಹಾ ಎಂದು ಹಲ್ಲುಕಿರಿದು ನಗುತ್ತಿತ್ತು. ಇಪ್ಪತ್ತಮೂರನೇ ನಂಬರಿನ ಸಾಲು ಮಾತ್ರ ಗೈ ಗೈ ಗೈ ಎಂದು ಗೊಣಗುತ್ತಿತ್ತು.

ಇಪ್ಪತ್ತಮೂರು ನಮ್ಮ ಗಂಟಲು.

ಫೋಟೊದ ಕೆಳಗೆ ರೂಲು ಬರೆದಿದ್ದ: 'ಶಾಲೆ ನಡೆದ ದಿನ ನೂರ ಎಂಬತ್ತು. ನಂ. 23 ಹಾಜರು ಎಂಬತ್ತೇಳು, ಗೈರು ತೊಂಬತ್ತಮೂರು. ಅರ್ಧಕ್ಕೆ ಮೂರು ದಿನ ಕಡಿಮೆ. ಸಮಿತಿಯ ತೀರ್ಮಾನದಂತೆ ಅರ್ಧದಷ್ಟೂ ಹಾಜರಿ ಇಲ್ಲದವರು ಸಹಪಾಠಿಗಳಲ್ಲ. ವಿವರಣೆ ಕೊಡುವುದು.'

ಸಮಿತಿಯ ಈ ಕಟ್ಟುನಿಟ್ಟಿಗೆ ಕಾರಣವಿತ್ತು. ಮೂರು ವಾರದ ಹಿಂದೆ ಒಬ್ಬ ಮಹಾಶಯ ಗುಂಪಿಗೆ ಸೇರಿ, "ಏನ್ರೋ, ನನ್ನನ್ನ ಮರೆತೇಬಿಟ್ರಾ!" ಎಂದು ಎಲ್ಲರನ್ನೂ ನಾಚಿಸಿ, ಲೆಕ್ಕದ ಮೇಷ್ಟ್ರದೂ ಸೇರಿ ಒಂಬತ್ತು ಮನೆಗಳಿಗೆ ನೀರಿನ ಫಿಲ್ಟರ್ ಮಾರಿದಮೇಲೆ, ಅವನು ಆ ಶಾಲೆಯನ್ನು ಬಸ್ಸಿನಿಂದಲೂ ನೋಡಿಲ್ಲವೆಂದು ಗೊತ್ತಾಗಿತ್ತು. ಆಮೇಲೆ ಸಮಿತಿ ನೀರನ್ನು ಬಿಟ್ಟು ಗೆಳೆಯರನ್ನು ಸೋಸತೊಡಗಿತು.

ಗಂಟಲು ನೇರವಾಗಿ ರೂಲಿನ ಆಫೀಸಿಗೆ ಹೋದ. ಒಂದು ಮೇಜು, ಎರಡು ಕುರ್ಚಿ, ಏಳು ರಬ್ಬರ್ ಸ್ಟಾಂಪು.

"ಲೋ ರೂಲು, ನನ್ನ ಗುರುತಿಲ್ವೇನೋ ನಿಂಗೆ?"

"ಸ್ನೇಹಿತನಾಗಿ ಚೆನ್ನಾಗಿ ಗುರುತಿದೆ. ಕೂತ್ಕೊ, ಟೀ ಕುಡಿ. ಕಾರ್ಯದರ್ಶಿಯಾಗಿ ಗುರುತಿದೆಯೋ ಇಲ್ವೋ, ದಾಖಲೆ ನೋಡಿ ಹೇಳ್ಬೇಕು."

"ದಾಖಲೆಯೇ ತಪ್ಪು ಕಣೋ. ನಾನು ನೂರ ಎಂಬತ್ತು ದಿನಾನೂ ಬಂದಿದ್ದೆ."

"ಹಾಗಾದ್ರೆ ಹಾಜರಿ ಯಾಕೆ ಹೇಳ್ಲಿಲ್ಲ?"

ಇಲ್ಲಿಗೆ ಬಂದು ಗಂಟಲಿನ ಗಂಟಲು ಕಟ್ಟಿತು. ಕಾರಣ ಹೇಳುವಂತಿರಲಿಲ್ಲ, ಮೂವರ ಮಾನ ಅದರೊಳಗಿತ್ತು. ಓದುಗರಿಗೆ ಹೇಳಲು ಅಡ್ಡಿಯಿಲ್ಲ.

ಕ್ಲಾಸಿನಲ್ಲಿ ಮೂವರಿದ್ದರು, ಸರಿಯಾಗಿ ಹೇಳಬೇಕೆಂದರೆ ಇರುತ್ತಿರಲಿಲ್ಲ. ಹನ್ನೊಂದನೇ ನಂಬರಿನವನು 'ಕಿಟಕಿ', ಬಾಗಿಲಿಗಿಂತ ಅದನ್ನೇ ಹೆಚ್ಚು ಬಳಸುತ್ತಿದ್ದುದರಿಂದ. ಹದಿನೇಳು 'ಮೂಗು', ಮಾತೆಲ್ಲ ಅಲ್ಲಿಂದಲೇ ಬರುತ್ತಿದ್ದುದರಿಂದ. ಇಪ್ಪತ್ತೆರಡು 'ಗುಬ್ಬಿ', ದನಿ ಅಷ್ಟು ಸಣ್ಣದಾಗಿದ್ದುದರಿಂದ. ಬೆಳಗಿನ ನಿದ್ದೆ ಮಾತ್ರ ಕರಡಿಯದು. ಲೆಕ್ಕದ ಮೇಷ್ಟ್ರು ತಲೆಯೆತ್ತದೆ ನಂಬರು ಕೂಗುವರು. ಹನ್ನೊಂದು ಅಂದರೆ ಗಂಟಲು ಓಡಿಬಂದವನಂತೆ ಏದುಸಿರಲ್ಲಿ "ಹಾ...ಜರ್ಸಾರ್" ಅನ್ನುವನು. ಹದಿನೇಳು ಅಂದರೆ ಮೂಗಿನಿಂದ "ಹಾಂಜಂರ್ ಸಾಂರ್". ಇಪ್ಪತ್ತೆರಡು ಅಂದರೆ ಹಲ್ಲುಸಂದಿಯಿಂದ ಕೀಚಲಾಗಿ "ಹಾಜೀರ್ ಸೀರ್". ಮುಂದಿನದೇ ಅವನ ಸ್ವಂತ ನಂಬರು. ಗುಬ್ಬಿಯ ಶಿಖರದಿಂದ ತನ್ನ ದನಿಯ ತಪ್ಪಲಿಗೆ ಅವನು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬರುವಷ್ಟರಲ್ಲಿ ಮೇಷ್ಟ್ರು ಇಪ್ಪತ್ತನಾಲ್ಕಕ್ಕೆ ಹೋಗಿರುತ್ತಿದ್ದರು. ಗುಬ್ಬಿ ನಿದ್ದೆಮಾಡಿದ ದಿನ ತೊಂಬತ್ತಮೂರು.

"ಗಂಟಲು ಸರಿ ಇರ್ತಿರ್ಲಿಲ್ಲ" ಅಂದ ಅವನು, ತುಂಬ ಯೋಚಿಸಿ.

ರೂಲು ಒಂದು ಸ್ಟಾಂಪನ್ನು ಎತ್ತಿ, ಊದಿ, ಇಟ್ಟ. "ನೋಡಪ್ಪ. ಸಹಪಾಠಿ ಅಂದ್ರೇನು? ಸಹ ಕೂತು ಪಾಠ ಕೇಳಿದವನು. ಪಾಠದಲ್ಲೇ ಇಲ್ದಿದ್ದವನು ಬರೀ 'ಸಹ'. ಅದಕ್ಕೆ ನಾನೇನು ಮಾಡ್ಲಿ? ಮೂರೇ ದಿನ ಕಡಿಮೆ. ನಿನ್ನನ್ನ ಕ್ಲಾಸಲ್ಲಿ ಕಣ್ಣಾರೆ ಕಂಡವರು ಇಬ್ಬರು ಸಹಿ ಹಾಕ್ಲಿ, ಸೇರಿಸ್ಕೋತೀನಿ."

"ನೀನೇ ಇದ್ದೆಯಲ್ಲೋ ಅಲ್ಲಿ!"

"ಮುಂದಿನ ಬೆಂಚು. ಮಾನಿಟರು ಹಿಂದೆ ತಿರುಗಿ ನೋಡಬಾರದು ಅಂತ ರೂಲಿತ್ತು."

ಮುಂದಿನ ಬೆಂಚಿನವರೆಲ್ಲ ಗುಂಪಿನಲ್ಲಿ ಇದನ್ನೇ ಹೇಳಿದರು. 'ಎಲ್ಲರ ದನಿಯೂ ನೆನಪಿದೆ, ಮುಖ ನೆನಪಿಲ್ಲ.' ಹಿಂದಿನ ಬೆಂಚಿನಲ್ಲಿ ಕೂರಬೇಕಾಗಿದ್ದವರು ಕಿಟಕಿ ಮತ್ತು ಮೂಗು. ಗಂಟಲು ವರ್ಷವಿಡೀ ಆ ಬೆಂಚಿನಲ್ಲಿ ಒಬ್ಬನೇ ಕೂತು ಮೂವರಾಗಿದ್ದ.

ಮೂಗು ಈಗ ದೂರದೂರಿನಲ್ಲಿ ಕುರ್ಚಿ ಮಾರುತ್ತಿದ್ದ, ಫೋನಿಗೆ ಸಿಗಲಿಲ್ಲ. ಕಿಟಕಿ ಇದೇ ಊರಿನಲ್ಲಿ ಶಿಕ್ಷಣಾಧಿಕಾರಿಯಾಗಿದ್ದ. ಅವನ ಕೋಣೆಯ ಗೋಡೆಯ ಮೇಲೆ 'ಹಾಜರಿಯೇ ಹಿರಿಮೆ' ಎಂದು ಅವನೇ ರಚಿಸಿದ ಘೋಷಣೆ, ಅದರ ಕೆಳಗೆ ನಗುತ್ತಿರುವ ಅವನೇ. ಇಪ್ಪತ್ತು ಶಾಲೆಗಳ ಮೇಷ್ಟ್ರುಗಳು ಅವನ ಹೆಸರು ಕೇಳಿದರೆ ಗಡಿಯಾರ ನೋಡುತ್ತಿದ್ದರು. ಹತ್ತನೇ ಕ್ಲಾಸಿನ ನೂರಕ್ಕೆ ನೂರು ಹಾಜರಿಗಾಗಿ ಗೆಳೆಯರ ಸಮಾರಂಭದಲ್ಲಿ ಅವನಿಗೆ ಶಾಲು ಹೊದಿಸುವುದೆಂದು ನಿಶ್ಚಯವಾಗಿತ್ತು.

ಕಿಟಕಿ ಬಾಗಿಲು ಹಾಕಿಕೊಂಡು ಬಂದು ಕೂತ.

"ಸಹಿ ಹಾಕ್ಬಾರದು ಅಂತಲ್ಲ ಕಣೋ. ಆದ್ರೆ ನಿನ್ನನ್ನ ಕ್ಲಾಸಲ್ಲಿ ಕಂಡಿದ್ದೀನಿ ಅಂತ ಬರೆದ್ರೆ, ಎಲ್ಲಿ ಕೂತಿದ್ದ ಅಂತ ಕೇಳ್ತಾನೆ ಆ ರೂಲು. ನಾನೇನು ಹೇಳ್ಲಿ? ನೀನು ಎಲ್ಲಿ ಕೂತ್ಕೋತಿದ್ದೆ?"

"ನಿನ್ನ ಪಕ್ಕದಲ್ಲೇ ಕಣೋ!"

"ಹೌದಾ?" ಕಿಟಕಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಚೆನ್ನಾಗಿತ್ತಾ ಜಾಗ?"

"ಗಾಳಿ ಬರ್ತಿತ್ತು."

"ನೋಡು, ಸುಳ್ಳು ಹೇಳಿ ಅಭ್ಯಾಸ ಇಲ್ಲ ನನಗೆ. ಈಗಂತೂ ಆಗೋದೇ ಇಲ್ಲ, ಶಾಲು ಬೇರೆ ಆರ್ಡರ್ ಆಗಿದೆ. ಇನ್ನೊಂದು ಮಾತು. ಆ ದಿನ ಯಾರಾದ್ರೂ 'ಒಂದು ಮಿಮಿಕ್ರಿ ಮಾಡೋ' ಅಂದ್ರೆ, ನನ್ನದು ಮಾತ್ರ ಬೇಡ."

ಅಷ್ಟರಲ್ಲಿ ಮೇಜಿನ ಫೋನು ಹೊಡೆದುಕೊಂಡಿತು. ಕಿಟಕಿ ಬೆಚ್ಚಿ, "ಮೇಲಧಿಕಾರಿ! ತಪಾಸಣೆಗೆ ಹೋಗಿದ್ದೀನಿ ಅಂದಿದ್ದೆ" ಎಂದು ಎದ್ದುಬಿಟ್ಟ. ಗಂಟಲಿನ ಕೈ ತಾನಾಗಿ ಫೋನೆತ್ತಿತು. ಬಾಯಿ ತಾನಾಗಿ ಕಿಟಕಿಯ ಏದುಸಿರಲ್ಲಿ, "ಹಾ... ಈಗಷ್ಟೇ ವಾಪಸ್ ಬಂದೆ ಸಾರ್" ಎಂದಿತು. ಫೋನಿಟ್ಟಮೇಲೆ ಕಿಟಕಿ ಗದ್ಗದಿತನಾಗಿ ಅವನ ಎರಡೂ ಕೈ ಹಿಡಿದ.

"ನೀನು ಮಾತ್ರ ಬದಲಾಗಿಲ್ಲ ಕಣೋ!"

ಸಹಿ ಹಾಕಲಿಲ್ಲ.

ಗುಬ್ಬಿ ದಂತವೈದ್ಯೆಯಾಗಿದ್ದಳು. ಅಪಾಯಿಂಟ್‌ಮೆಂಟ್ ಇಲ್ಲದೆ ಒಳಗೆ ಬಿಡಲಿಲ್ಲವಾದ್ದರಿಂದ ಗಂಟಲು ಆರೋಗ್ಯವಾಗಿದ್ದ ದವಡೆಗೆ ನೋವು ಬರಿಸಿಕೊಂಡು ಕುರ್ಚಿಯಲ್ಲಿ ಮಲಗಿದ.

"ಏನೋ, ಬಂದೆಯಾ! 'ಹಾ' ಅನ್ನು."

"ಹಾ."

"ಇನ್ನೂ ದೊಡ್ಡದಾಗಿ. ಹಾ..."

"ಹಾ..."

ಬೇಕಾಗಿದ್ದ ಕಾಲಕ್ಕೆ ತೊಂಬತ್ತಮೂರು ಸಲ ಬಾರದ 'ಹಾ' ಈಗ ಬೇಡಿಕೆಯ ಮೇಲೆ ಬರುತ್ತಿತ್ತು. ಬಾಯಲ್ಲಿ ಕನ್ನಡಿ, ಕೊಳವೆ, ಹತ್ತಿ ತುರುಕಿದಮೇಲೆ ಗುಬ್ಬಿ ನಿಶ್ಚಿಂತೆಯಿಂದ ಮಾತಾಡಿದಳು.

"ವಿಷಯ ಗೊತ್ತು ಕಣೋ, ಗುಂಪಲ್ಲಿ ನೋಡ್ದೆ. ಪಾಪ ಅನ್ನಿಸ್ತು. ಆದ್ರೆ ನಮ್ಮತ್ತೆ ಕೂಡ ಬರ್ತಿದ್ದಾರೆ ಆ ದಿನ. ಅವರು ನನ್ನನ್ನ ಸೊಸೆ ಮಾಡ್ಕೊಂಡಿದ್ದೇ ಸ್ಕೂಲ್ ಸರ್ಟಿಫಿಕೇಟ್ ನೋಡಿ. 'ಒಂದು ದಿನವೂ ತಪ್ಪಿಸಿಕೊಳ್ಳದ ಹುಡುಗಿ' ಅಂತ ಇತ್ತಲ್ಲ ಅದರಲ್ಲಿ. ಇಪ್ಪತ್ತೆಂಟು ವರ್ಷದಿಂದ ಅದೇ ಮಾತು ಹೇಳಿ ಬೆಳಗ್ಗೆ ಐದಕ್ಕೆ ಎಬ್ಬಿಸ್ತಿದ್ದಾರೆ. ಈಗ ಹೋಗಿ ನಿನ್ನನ್ನ ಎಲ್ಲಿ ನೋಡಿದ್ದೆ ಅಂತ ಹೇಳ್ಲಿ? ನಿಂಗೆ ಅರ್ಥ ಆಗುತ್ತಲ್ಲ?"

"ಆ ಆ ಆ" ಅಂದ ಗಂಟಲು. 'ಆಗಲ್ಲ' ಎಂಬುದು ಅವನ ಉದ್ದೇಶವಾಗಿತ್ತು.

"ಒಳ್ಳೆಯವನು ಕಣೋ ನೀನು" ಎಂದು ಅವಳು ಒಂದು ಹಲ್ಲು ಕಿತ್ತಳು.

ಹೀಗೆ ಒಂದು ಹಲ್ಲು ಕಡಿಮೆಯಾಗಿ, ಮೂರು ದಿನವೂ ಕಡಿಮೆಯಾಗಿಯೇ ಉಳಿದು, ಸಮಾರಂಭದ ದಿನ ಬಂತು. ಹೋಗುವುದಿಲ್ಲವೆನ್ನಲು ಗಂಟಲು ಮನೆಯಲ್ಲಿ ಎರಡು ಸಲ ಬಾಯಿ ತೆಗೆದ. ಮೊದಲ ಸಲ ಹೆಂಡತಿ, "ಬಾಯಿ ಮುಚ್ಚಿ, ಹಲ್ಲು ಕಾಣ್ತಿಲ್ಲ" ಅಂದಳು. ಎರಡನೇ ಸಲ ಆರೋಗ್ಯ ನಿರೀಕ್ಷಕರು ಚರಂಡಿಯ ಮನವಿಪತ್ರ ಹಿಡಿದು ಬಂದರು.

ಸಭಾಂಗಣದ ಬಾಗಿಲಲ್ಲಿ ಮೇಜು, ಮೇಜಿನ ಹಿಂದೆ ರೂಲು, ಮುಂದೆ ಬ್ಯಾಡ್ಜುಗಳ ಸಾಲು. 'ಸಹಪಾಠಿ' ಎಂಬುದು ನೀಲಿ, 'ಪರಿವಾರ' ಎಂಬುದು ಹಳದಿ. ಹೆಂಡತಿಗೂ ಭಾಮೈದನಿಗೂ ಸಲೀಸಾಗಿ ಹಳದಿ ಸಿಕ್ಕಿತು. ಯಾರ ಪರಿವಾರ ಎಂದು ಯಾರೂ ಕೇಳಲಿಲ್ಲ. ಗಂಟಲಿನ ಸರದಿ ಬಂದಾಗ ರೂಲು ಒಂದು ಬಿಳಿ ಚೀಟಿ ತೆಗೆದು, ಅದರ ಮೇಲೆ ಎರಡಕ್ಷರ ಬರೆದು, ಮೊಹರೊತ್ತಿ, ಮೆಲ್ಲನೆ ಹೇಳಿದ: "ಸ್ನೇಹಕ್ಕೋಸ್ಕರ ಇಷ್ಟು ಮಾಡಿದ್ದೀನಿ. ಹಿಂದೆ ಹೋಗಿ ಕೂತ್ಕೊ."

ಭಾಮೈದ ಲೆನ್ಸ್ ತಿರುಗಿಸಿ ಭಾವನ ಎದೆಯನ್ನು ಓದಿದ. "ಸಹ. ಸಹ ಅಂದ್ರೇನು ಭಾವ? ಸಹಕಾರ್ಯದರ್ಶಿನಾ? ಸಹಾಯಕನಾ?"

"ಇನ್ನೂ ಇದೆ ಅದು. ಚೀಟಿ ಚಿಕ್ಕದು, ಹಿಡಿಸಲಿಲ್ಲ."

"ವೇದಿಕೆ ಆ ಕಡೆ ಅಲ್ವಾ? ನಾವ್ಯಾಕೆ ಈ ಕಡೆ ಹೋಗ್ತಿದ್ದೀವಿ?"

"ಇಲ್ಲಿ ಗಾಳಿ ಬರುತ್ತೆ."

ಕೊನೆಯ ಸಾಲಿನಲ್ಲಿ ಕೂತರು. ಹೆಂಡತಿ ಏನೂ ಕೇಳಲಿಲ್ಲ. ಇಪ್ಪತ್ತು ವರ್ಷಗಳಲ್ಲಿ ಅವಳು ಕೇಳದೆ ಕೂತದ್ದು ಅದೇ ಮೊದಲು, ಗಂಟಲಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಅದೇ. ವೇದಿಕೆಯ ಮೇಲೆ ಕಿಟಕಿ 'ನಾನು ಮತ್ತು ನನ್ನ ಬೆಂಚು' ಎಂಬ ವಿಷಯವಾಗಿ ಇಪ್ಪತ್ತು ನಿಮಿಷ ಮಾತಾಡಿ, ತಾನು ಕೂತೇ ಇಲ್ಲದ ಬೆಂಚಿನ ಮೇಲೆ ಸಾಕಷ್ಟು ಕಣ್ಣೀರು ಹಾಕಿದ. "ಅಲ್ಲಿ ಗಾಳಿ ಬರುತ್ತಿತ್ತು" ಎಂಬ ಮಾತಿಗೆ ಚಪ್ಪಾಳೆ ಬಿತ್ತು.

ಆಮೇಲೆ ಲೆಕ್ಕದ ಮೇಷ್ಟ್ರನ್ನು ಕೈಹಿಡಿದು ಕರೆತಂದರು. ಎಂಬತ್ತೊಂದು ವರ್ಷ, ಕಣ್ಣು ಮಂಜು, ಕಿವಿ ಮಾತ್ರ ಹೊಸದರಂತೆ. ಕಂಕುಳಲ್ಲಿ ಹಾಜರಿ ಪುಸ್ತಕ. ಕೊನೆಯ ಹಾಳೆಯಲ್ಲಿ ಒಂದು ದಿನದ ಖಾನೆ ಖಾಲಿ ಉಳಿದಿತ್ತು. ನಂಬರುಗಳು ಅವರಿಗೆ ಬಾಯಿಪಾಠ. ಬರೆಯುವುದಕ್ಕೆ ಬೆರಳೇ ಸಾಲನ್ನು ಹುಡುಕುತ್ತಿತ್ತು.

"ಒಂದು."

"ಹಾಜರ್ ಸಾರ್!" ಬೊಕ್ಕತಲೆಯ ದೊಡ್ಡ ಮನುಷ್ಯನೊಬ್ಬ ಎದ್ದು ನಿಂತು ಹುಡುಗನಂತೆ ಕೈಕಟ್ಟಿದ. ಎರಡು, ಮೂರು, ಹತ್ತು. ಹನ್ನೊಂದಕ್ಕೆ ಕಿಟಕಿ ಎದ್ದು ಹಾಜರಿ ಹೇಳಿದ. ಮೇಷ್ಟ್ರು ಯಾಕೋ ತಲೆ ವಾರೆ ಮಾಡಿ ಕೇಳಿಸಿಕೊಂಡು, "ಹೊಸ ದನಿ" ಎಂದು ಗೊಣಗಿ ಮುಂದೆ ಹೋದರು.

"ಹದಿನೇಳು."

ಯಾರೂ ಏಳಲಿಲ್ಲ. ಮೂಗು ಇನ್ನೂ ಬಂದಿರಲಿಲ್ಲ.

"ಹದಿನೇಳು!"

ಗಂಟಲು ತುಟಿ ಬಿಗಿಹಿಡಿದ. ತೊಡೆಯನ್ನು ಚಿವುಟಿಕೊಂಡ. ಮೂವತ್ತೈದು ವರ್ಷ ಮುಚ್ಚಿದ್ದ ಬಾಗಿಲು, ಒಂದು ಹಲ್ಲು ಬೇರೆ ಕಿತ್ತು ದಾರಿಯಾಗಿತ್ತು. "ಹಾಂಜಂರ್ ಸಾಂರ್!"

ಮೇಷ್ಟ್ರ ಪೆನ್ನು ಗಾಳಿಯಲ್ಲಿ ನಿಂತಿತು. ಅದೇ ಹೊತ್ತಿಗೆ ಬಾಗಿಲಲ್ಲಿ ಬೆವರು ಸುರಿಸುತ್ತ ಒಬ್ಬ ದಪ್ಪನೆಯವನು ಕಾಣಿಸಿಕೊಂಡು, "ಹಾಂಜಂರ್ ಸಾಂರ್! ಟಾಂಯರ್ ಪಂಕ್ಚಂರ್ ಸಾಂರ್!" ಎಂದ.

ಒಂದೇ ನಂಬರಿಗೆ ಎರಡು ಮೂಗಾಯಿತು. ರೂಲು ಕಾನೂನು ಪುಸ್ತಕ ಹುಡುಕುವವನಂತೆ ಜೇಬು ತಡಕಿಕೊಂಡ. ಮೇಷ್ಟ್ರು ಕೊನೆಯ ಸಾಲಿನ ಕಡೆ ಮುಖ ತಿರುಗಿಸಿದರು.

"ಇಪ್ಪತ್ತಮೂರು. ಎದ್ದು ನಿಲ್ಲೋ."

ಗಂಟಲು ಎದ್ದು ನಿಂತ. ಭಾಮೈದನ ಕ್ಯಾಮೆರಾ ಕ್ಲಿಕ್ಕೆಂದಿತು.

"ನಾನು ಲೆಕ್ಕದ ಮೇಷ್ಟ್ರು" ಎಂದರು ಅವರು. "ಮೂವತ್ತೊಂಬತ್ತು ಕೂಗು ಬರ್ತಿತ್ತು, ಎಣಿಸಿದ್ರೆ ಮೂವತ್ತೇಳು ತಲೆ. ನಂಗೆ ಗೊತ್ತಾಗ್ತಿರ್ಲಿಲ್ಲ ಅಂದ್ಕೊಂಡ್ಯಾ? ಒಂದು ಗಂಟಲಿಗೆ ದಿನಕ್ಕೆ ಒಂದು ಹಾಜರಿ. ನೀನು ಊರಿಗೆಲ್ಲ ಹಂಚಿಬಿಟ್ಟೆ, ನಿನ್ನ ಪಾಲಿಗೆ ಉಳಿದಿದ್ದು ಗೈ."

"ಅಂದ್ರೆ ಗೊತ್ತಿದ್ದೂ ನನಗೆ ನೂರ ಎಂಬತ್ತು 'ಹಾ' ಹಾಕಿದ್ರಾ ಸಾರ್?" ಎಂದು ಕಿಟಕಿ ವೇದಿಕೆಯ ಮೇಲೆ, ಚಾಲೂ ಇದ್ದ ಮೈಕಿನ ಮುಂದೆ, ಕೇಳಿಯೇಬಿಟ್ಟ. ಕೇಳಿದ ಮೇಲೆ ಬಾಯಿಗೆ ಶಾಲು ಒತ್ತಿಕೊಂಡ.

"ಕೂಗು ಬಂತು, ಹಾಕ್ದೆ. ಕಣ್ಣಲ್ಲಿ ನೋಡಿ ಹಾಕಿದ್ರೆ ನೀನು ಆಫೀಸರ್ ಆಗ್ತಿದ್ಯಾ?"

ಸಭೆ ಗೊಳ್ಳೆಂದಿತು. ಮೂರನೇ ಸಾಲಿನಲ್ಲಿ ಗುಬ್ಬಿ ಅತ್ತೆಯ ಕಡೆ ನೋಡದೆ ಎದ್ದು, "ನನ್ನದೂ ಅವನೇ ಸಾರ್. ನಾನು ಮಲಗಿರ್ತಿದ್ದೆ" ಅಂದಳು. ಅತ್ತೆ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. "ಅದಕ್ಕೇ ಅಂತೀನಿ" ಎಂದು ನಿಟ್ಟುಸಿರಿಟ್ಟರು. "ನಾಳೆಯಿಂದ ಆರಕ್ಕೆ ಎಬ್ಬಿಸ್ತೀನಿ ಬಿಡು."

ಮೇಷ್ಟ್ರು ಮತ್ತೆ ಪೆನ್ನು ಹಿಡಿದರು. ಹದಿನೇಳಕ್ಕೆ ನಿಜವಾದ ಮೂಗು, ಇಪ್ಪತ್ತೆರಡಕ್ಕೆ ನಿಜವಾದ ಗುಬ್ಬಿ. ಆಮೇಲೆ, ಒಂದೊಂದು ಅಕ್ಷರವನ್ನೂ ಬಿಡಿಸಿ, "ಇಪ್ಪತ್ತ... ಮೂರು."

ಯಾವ ಶಿಖರದಿಂದಲೂ ಇಳಿಯಬೇಕಾಗಿರಲಿಲ್ಲ, ದಾರಿ ನೇರವಾಗಿತ್ತು. ಗಂಟಲು ಬಾಯಿ ತೆರೆದ. ಸ್ವಂತ ದನಿಯನ್ನು ಹುಡುಕಿದ. ಅದು ಜಗಲಿಯಿಂದ ಎದ್ದು, ಚಾಪೆ ಸುತ್ತಿಟ್ಟು, ಒಳಗೆ ಬರುವಷ್ಟರಲ್ಲಿ ವೇದಿಕೆಯಿಂದ ಕಿಟಕಿ ಕೂಗಿದ: "ಹಾಜರ್ ಸಾರ್!" ಬಾಗಿಲಿಂದ ಮೂಗು ಕೂಗಿದ. ಗುಬ್ಬಿ ಕೂಗಿದಳು. ಒಮ್ಮೆಯೂ ಹಿಂದೆ ತಿರುಗದ ಮುಂದಿನ ಬೆಂಚಿನವರೆಲ್ಲ ಕುರ್ಚಿ ಸಮೇತ ಹಿಂದೆ ತಿರುಗಿ, ಬಸ್ ನಿಲ್ದಾಣದ ದನಿಯನ್ನು ಅಣಕಿಸುತ್ತ, "ಹಾಜರ್ ಸಾರ್! ಪ್ರಯಾಣಿಕರ ಗಮನಕ್ಕೆ, ಹಾಜರ್ ಸಾರ್!" ಎಂದು ಕಿರುಚಿದರು. ಗಂಟಲಿನ ಹೆಂಡತಿಯಂತೂ ಆ ಶಾಲೆಗೇ ಸೇರದವಳು, ಎಲ್ಲರಿಗಿಂತ ಜೋರಾಗಿ ಕೂಗಿದಳು.

ಮೇಷ್ಟ್ರು ತಲೆ ವಾರೆ ಮಾಡಿ ಎಲ್ಲವನ್ನೂ ಕೇಳಿದರು.

"ಒಂದೂ ಅವನ ದನಿ ಅಲ್ಲ" ಎಂದು ಹೇಳಿ, ಖಾನೆಯಲ್ಲಿ 'ಗೈ' ಎಂದು ಬರೆದರು.

ರೂಲು ಎದೆಯುಬ್ಬಿಸಿದ. "ನೋಡಿದ್ರಾ ಸಾರ್, ತೊಂಬತ್ತನಾಲ್ಕಾಯ್ತು. ಅದಕ್ಕೇ ನಾನು ಇವನು ನಮ್ಮ ಕ್ಲಾಸಿನವನಲ್ಲ ಅಂದಿದ್ದು."

"ಏಯ್ ಮಾನಿಟರ್" ಎಂದರು ಮೇಷ್ಟ್ರು. "ಗೈರುಹಾಜರಾಗೋಕೂ ಕ್ಲಾಸಲ್ಲಿ ಹೆಸರಿರಬೇಕು ಕಣೋ. ಹೊರಗಿನವನಿಗೆ ನಾನ್ಯಾಕೆ ಗೈ ಹಾಕ್ಲಿ? ಆ ಫಿಲ್ಟರಿನವನಿಗೆ ಹಾಕಿದ್ದೀನಾ? ಇಲ್ಲಿ ಬಾರೋ ಇಪ್ಪತ್ತಮೂರು."

ಗಂಟಲು ವೇದಿಕೆ ಹತ್ತಿದ. ಮೇಷ್ಟ್ರು ಅವನ ಎದೆಯ ಬಿಳಿ ಚೀಟಿಯನ್ನು ಕಣ್ಣಿನ ಹತ್ತಿರ ಎಳೆದುಕೊಂಡು ಓದಿದರು. 'ಸಹ' ಎಂಬುದರ ಮುಂದೆ ಅದೇ ಗುಂಡು ಅಕ್ಷರದಲ್ಲಿ 'ಪಾಠಿ' ಎಂದು ಸೇರಿಸಿದರು. ಚೀಟಿಯಲ್ಲಿ ಜಾಗ ಬೇಕಾದಷ್ಟಿತ್ತು.

ಆ ಹಾಜರಿ ಹಾಳೆಯ ಫೋಟೊ ಈಗ ಗಂಟಲಿನ ಮನೆಯ ನಡುಮನೆಯಲ್ಲಿ ಕಟ್ಟು ಹಾಕಿಸಿಕೊಂಡು ಕೂತಿದೆ. ತೆಗೆದವನೂ ತೂಗುಹಾಕಿದವನೂ ಭಾಮೈದನೇ. ಮೊನ್ನೆ ಆರೋಗ್ಯ ನಿರೀಕ್ಷಕರು ಚರಂಡಿಯ ವಿಷಯ ಏನಾಯಿತೆಂದು ಕೇಳಲು ಬಂದವರು, ಮೂಗಿನ ಮೇಲೆ ಕನ್ನಡಕವೇರಿಸಿ ಫೋಟೊದ ಮುಂದೆ ನಿಂತರು.

"ಎಲ್ಲರದೂ 'ಹಾ' ಇದೆ, ನಿಮ್ಮದು 'ಗೈ' ಇದೆಯಲ್ಲ! ಅಂದರೆ ಆ ದಿನ ನೀವು ಹೋಗಿದ್ರಾ, ಇಲ್ವಾ?"

ಒಳಗಿನಿಂದ ಹೆಂಡತಿ ಬಾಯಿ ತೆಗೆದಳು, ಯಾಕೋ ಮುಚ್ಚಿಕೊಂಡಳು. ಭಾಮೈದ ಕಾದ. ನಿರೀಕ್ಷಕರು, ಉತ್ತರ ಬರುವುದಿಲ್ಲವೆಂದುಕೊಂಡು, ಬಾಗಿಲ ತನಕ ಹೋಗಿದ್ದರು.

"ಹಾ" ಅಂದ ಗಂಟಲು, ಸ್ವಂತ ದನಿಯಲ್ಲಿ.